ಸೈಕಸ್ ಬೊಡ್ಡೆಯೊಳಗಿನ ಗಂಟು

ನಾನು ದುಡ್ಡು ಕೊಟ್ಟು ತಂದ ಮೊದಲ ಸೈಕಸ್ ಸತ್ತಿದೆ ಅಂತ ನನಗೆ ಗೊತ್ತಾದದ್ದು ಅದು ಸತ್ತು ಎಷ್ಟೋ ತಿಂಗಳಾದ ಮೇಲೆ. ಮೊಳದುದ್ದದ ಬೊಡ್ಡೆ, ಮೈತುಂಬ ಅನಾನಸ್ ಸಿಪ್ಪೆಯಂಥ ಚಕ್ಕೆ, ಮೇಲೆ ಒಂದೂ ಗರಿ ಇಲ್ಲ. ‘ಸಾಗಿಸೋಕೆ ಅಂತ ಗರಿ ತೆಗೆದಿದ್ದೀವಿ ಸಾರ್, ಎರಡು ತಿಂಗಳಲ್ಲಿ ಹೊಡ್ಕೊಂಡು ಬರತ್ತೆ’ ಅಂದಿದ್ದ ಮಾರಿದವನು. ಅವನ ಮಾತು ಸುಳ್ಳಾಗಲಿಲ್ಲ. ಏಳನೇ ವಾರಕ್ಕೆ ಸುಳಿ ಬಿರಿದು ಹದಿಮೂರು ಗರಿಗಳು ಒಟ್ಟಿಗೇ ಎದ್ದವು. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ. ಮುಂದಿನ ಬೇಸಿಗೆಗೆ ಗರಿಗಳು ಬಣ್ಣಗೆಟ್ಟವು. ನೀರು ಸಾಲದೇನೋ ಅಂತ ಇನ್ನಷ್ಟು ಸುರಿದೆ. ಒಂದು ದಿನ ಕುಂಡ ಸರಿಸೋಣ ಅಂತ ಬೊಡ್ಡೆ ಹಿಡಿದರೆ ಅಲುಗಾಡುವ ಹಲ್ಲಿನ ಹಾಗೆ ಕೈಗೇ ಬಂತು. ಕೆಳಗೆ ಒಂದೆಳೆ ಬೇರಿಲ್ಲ. ಬುಡದಿಂದ ಕೊಳೆತ ಆಲೂಗೆಡ್ಡೆಯ ವಾಸನೆ.

ಬೇರೇ ಇಲ್ಲದ ಗಿಡ ಹದಿಮೂರು ಗರಿ ಬಿಟ್ಟದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಸೈಕಸ್ ಸಾಕುವುದು ಅರ್ಧ ಕಲಿತಂತೆ. ಆ ಬೊಡ್ಡೆ ಮಾವು, ಹಲಸಿನ ಕಾಂಡದಂತೆ ಗಟ್ಟಿ ಮರವಲ್ಲ. ಒಳಗೆ ಹೆಚ್ಚಿನ ಭಾಗ ಮೆತ್ತನೆಯ ತಿರುಳು, ಅದರ ತುಂಬ ಪಿಷ್ಟ ಮತ್ತು ನೀರು. ಅದು ಗಿಡದ ಉಳಿತಾಯದ ಗಂಟು. ಒಳ್ಳೆಯ ವರ್ಷಗಳಲ್ಲಿ ಗರಿಗಳು ದುಡಿದದ್ದನ್ನೆಲ್ಲ ಅಲ್ಲಿ ಕೂಡಿಡುತ್ತದೆ, ಕೆಟ್ಟ ಕಾಲ ಬಂದಾಗ ಬಿಚ್ಚಿ ಖರ್ಚು ಮಾಡುತ್ತದೆ. ನಾನು ಕಂಡು ಹಿಗ್ಗಿದ ಹದಿಮೂರು ಗರಿಗಳು ಹಾಗೆ ಗಂಟು ಕರಗಿಸಿ ಮಾಡಿದ ಖರ್ಚು. ಬೇರು ಬಂದಿದ್ದರೆ ಆ ಗರಿಗಳು ದುಡಿದು ಸಾಲ ತೀರಿಸುತ್ತಿದ್ದವು. ನಾನು ನೀರು ಹೊಯ್ದು ಬುಡ ಕೊಳೆಸಿದ್ದರಿಂದ ಬೇರು ಬರಲೇ ಇಲ್ಲ.

ಹಾಗಾಗಿ ಸೈಕಸ್‌ನಲ್ಲಿ ತಪ್ಪು ಇವತ್ತು ಮಾಡಿದರೆ ಶಿಕ್ಷೆ ಮುಂದಿನ ವರ್ಷ. ಟೊಮೆಟೊ ಗಿಡ ಮಧ್ಯಾಹ್ನ ಬಾಡಿ ಸಂಜೆ ನೀರು ಕೇಳುತ್ತದೆ. ಇದು ಕೇಳುವುದಿಲ್ಲ. ಗಂಟಿನಲ್ಲಿ ಇರುವಷ್ಟು ದಿನ ಹಸಿರಾಗಿಯೇ ಕೂತಿರುತ್ತದೆ.

ಪಾಮ್ ಅಲ್ಲ, ಸಬ್ಬಕ್ಕಿಯದೂ ಅಲ್ಲ

ನಮ್ಮ ನರ್ಸರಿಗಳಲ್ಲಿ ಇದರ ಹೆಸರು ಸೈಕಸ್, ಸೈಕಸ್ ಪಾಮ್ ಅಥವಾ ಸಾಗೋ ಪಾಮ್. ಕುಂಡಗಳಲ್ಲಿ ಬಹುಪಾಲು ಕಾಣುವುದು ಸೈಕಸ್ ರೆವೊಲ್ಯೂಟಾ ಅನ್ನುವ ಪ್ರಭೇದ. ತವರು ಜಪಾನಿನ ದಕ್ಷಿಣ ತುದಿ, ಅಲ್ಲಿಂದ ಕೆಳಗಿನ ರ್‍ಯೂಕ್ಯೂ ದ್ವೀಪಗಳು ಮತ್ತು ಚೀನಾದ ಆಗ್ನೇಯ ಕರಾವಳಿಯ ಕೆಲವು ಕಡೆ. ರೆವೊಲ್ಯೂಟಾ ಅಂದರೆ ಹಿಂದಕ್ಕೆ ಸುರುಳಿದ್ದು ಅಂತ. ಗರಿಯ ಒಂದು ಕಡ್ಡಿ ಎಲೆಯನ್ನು ಬೆರಳ ನಡುವೆ ಹಿಡಿದು ತಿರುಗಿಸಿ ನೋಡಿ, ಅಂಚು ಎರಡೂ ಕಡೆ ಕೆಳಕ್ಕೆ ಮಡಚಿರುತ್ತದೆ, ತುದಿ ಸೂಜಿಯಂತೆ ಚುಚ್ಚುತ್ತದೆ. ಗುರುತು ಹಿಡಿಯಲು ಅದೊಂದೇ ಸಾಕು.

ನೋಟಕ್ಕೆ ಈಚಲಿನ ಮರಿಯ ಹಾಗಿದ್ದರೂ ತೆಂಗು, ಅಡಿಕೆ, ಈಚಲಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ತೆಂಗು ಹೂ ಬಿಡುವ ಸಸ್ಯ. ಸೈಕಸ್ ಹೂವನ್ನೇ ಅರಿಯದ, ಬೀಜವನ್ನು ಕಾಯಿಯೊಳಗೆ ಮುಚ್ಚಿಡದೆ ಬಿಟ್ಟುಕೊಡುವ ಅನಾವೃತಬೀಜಿಗಳ ಗುಂಪಿಗೆ ಸೇರಿದ್ದು. ಪೈನ್ ಮತ್ತು ಗಿಂಕ್ಗೊ ಇದರ ದೂರದ ಬಂಧುಗಳು. ಜಪಾನಿನ ಸಸ್ಯವಿಜ್ಞಾನಿ ಇಕೆನೊ 1896ರಲ್ಲಿ ಈ ಸೈಕಸ್ ರೆವೊಲ್ಯೂಟಾದಲ್ಲೇ ಈಜುವ ವೀರ್ಯಾಣುಗಳನ್ನು ಕಂಡುಹಿಡಿದರು. ಜರೀಗಿಡ, ಪಾಚಿಗಳಂತೆ ನೀರಲ್ಲಿ ಈಜಿ ಅಂಡ ಸೇರುವ ಹಳೆಯ ರೂಢಿಯನ್ನು ಬೀಜ ಬಿಡುವ ಗಿಡವೊಂದು ಇನ್ನೂ ಉಳಿಸಿಕೊಂಡಿದೆ ಅನ್ನುವುದು ಆಗ ದೊಡ್ಡ ಸುದ್ದಿ.

‘ಡೈನೋಸಾರ್ ಕಾಲದ ಗಿಡ ಸಾರ್’ ಅಂತ ಮಾರುವವರು ಹೇಳುವುದುಂಟು. ಮನೆತನದ ಲೆಕ್ಕದಲ್ಲಿ ನಿಜ, ಸೈಕ್ಯಾಡ್‌ಗಳು, ಅಂದರೆ ಸೈಕಸ್ ಮತ್ತು ಅದರ ಹತ್ತಿರದ ನೆಂಟರ ಗುಂಪು, ಡೈನೋಸಾರ್‌ಗಳಿಗಿಂತಲೂ ಹಿಂದಿನವು. ಆದರೆ ಇವತ್ತಿನ ಪ್ರಭೇದಗಳು ಹೆಚ್ಚಿನವು ಕವಲೊಡೆದದ್ದು ಸುಮಾರು 1.2 ಕೋಟಿ ವರ್ಷಗಳಿಂದ ಈಚೆಗೆ ಅಂತ 2011ರಲ್ಲಿ ಪ್ರಕಟವಾದ ಜೀನ್ ಅಧ್ಯಯನ ತೋರಿಸಿತು. ವಂಶ ಹಳೆಯದು, ಈಗಿರುವ ಮಕ್ಕಳು ಹೊಸಬರು.

ಇನ್ನು ಸಾಗೋ. ಹೆಸರು ಕೇಳಿ ಸಬ್ಬಕ್ಕಿ ಪಾಯಸ ನೆನಪಾದರೆ ಅಲ್ಲೇ ನಿಲ್ಲಿಸಿ. ನಾವು ಅಂಗಡಿಯಿಂದ ತರುವ ಸಬ್ಬಕ್ಕಿ ತಮಿಳುನಾಡಿನ ಸೇಲಂ ಸೀಮೆಯ ಮರಗೆಣಸಿನದು. ಮೂಲ ಸಾಗೋ ಆಗ್ನೇಯ ಏಷ್ಯಾದ ಬೇರೆಯೇ ಒಂದು ತಾಳೆ ಮರದ್ದು. ಸೈಕಸ್ ಬೊಡ್ಡೆಯಲ್ಲೂ ಪಿಷ್ಟ ಇರುವುದರಿಂದ ಆ ಹೆಸರು ಇದಕ್ಕೂ ಅಂಟಿಕೊಂಡಿತು, ಆದರೆ ಇದರ ಪಿಷ್ಟದ ಜತೆ ಸೈಕಸಿನ್ ಅನ್ನುವ ವಿಷವೂ ಇದೆ. ಜಪಾನಿನ ಒಕಿನಾವಾದಲ್ಲಿ 1920ರ ದಶಕದ ಬಡತನದಲ್ಲಿ ತಿನ್ನಲು ಬೇರೇನೂ ಸಿಗದೆ ಜನ ಸೈಕಸ್ ಕಡಿದು ತಿಂದರು. ಸರಿಯಾಗಿ ತೊಳೆದು, ನೆನೆಸಿ, ಹುದುಗಿಸಿ ವಿಷ ತೆಗೆಯುವ ತಾಳ್ಮೆ ಹಸಿದ ಹೊಟ್ಟೆಗೆ ಎಲ್ಲಿಂದ ಬರಬೇಕು? ಸತ್ತವರೂ ಇದ್ದರು. ಆ ಕಾಲವನ್ನು ಅಲ್ಲಿನವರು ಇಂದಿಗೂ ‘ಸೈಕಸ್ ನರಕ’ ಅಂತಲೇ ಕರೆಯುತ್ತಾರೆ.

ನಮ್ಮ ಕಡೆಯ ದಾಯಾದಿಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಶ್ಚಿಮ ಘಟ್ಟದ ಸೈಕಸ್ ಸರ್ಸಿನ್ಯಾಲಿಸ್‌ಗೆ ಮಲಯಾಳಿಗಳು ಈಂದು ಅನ್ನುತ್ತಾರೆ. ಮಲಬಾರಿನಲ್ಲಿ ಬೀಜ ಒಣಗಿಸಿ, ನೆನೆಸಿ, ವಿಷ ಕಳೆದು ಹಿಟ್ಟು ಮಾಡಿ ಅಡುಗೆಗೆ ಬಳಸುವ ರೂಢಿ ಈಗಲೂ ಇದೆ. ಇದರ ಗರಿ ಉದ್ದ, ಮೆದು, ಅಂಚು ಸಪಾಟು, ಬೊಡ್ಡೆ ಎತ್ತರಕ್ಕೆ ಏರುತ್ತದೆ. ತಿರುಮಲ, ಶೇಷಾಚಲದ ಬೆಟ್ಟಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಸೈಕಸ್ ಬೆಡ್ಡೋಮಿ ಇನ್ನೊಂದು, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಟ್ಟುನಿಟ್ಟಿನ ನಿರ್ಬಂಧವಿದೆ. ಕನ್ನಡಿಗರಿಗೆ ಸಾಹಿತಿಯಾಗಿ ಚಿರಪರಿಚಿತರಾದ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ 1948ರಲ್ಲಿ ಮೈಸೂರು ಸೀಮೆಯ ಸೈಕಸ್ ಒಂದರ ಜೀವನಚಕ್ರದ ಬಗ್ಗೆ ಅಮೆರಿಕದ ಸಸ್ಯಶಾಸ್ತ್ರ ಪತ್ರಿಕೆಯಲ್ಲಿ ಬರೆದಿದ್ದರು. 2008ರಲ್ಲಿ ಕರ್ನಾಟಕದ ಒಂದು ಹೊಸ ಪ್ರಭೇದಕ್ಕೆ ಸೈಕಸ್ ಸ್ವಾಮ್ಯಿ ಅಂತ ಅವರ ಹೆಸರನ್ನೇ ಇಟ್ಟರು. ಕಾಡಿನ ಸೈಕಸ್ ಕಿತ್ತು ತಂದು ಕುಂಡಕ್ಕೆ ಹಾಕುವ ಚಪಲ ಕೆಲವರಿಗಿದೆ. ದಯವಿಟ್ಟು ಬೇಡ. ಒಂದು ಗೇಣು ಬೊಡ್ಡೆ ಬೆಳೆಸಲು ಅದು ತೆಗೆದುಕೊಂಡ ವರ್ಷಗಳನ್ನು ನಾವು ವಾಪಸು ಕೊಡಲಾರೆವು.

ಕೊಳ್ಳುವಾಗ, ನೆಡುವಾಗ

ಗರಿಯಿಲ್ಲದ ಬೊಡ್ಡೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮೊದಲ ಗಿಡವಾಗಿ ಬೇಡ. ಗರಿ ಇರುವ ಗಿಡವನ್ನೇ ಆರಿಸಿ, ಬೊಡ್ಡೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಬೇರು ಬಿಟ್ಟ ಗಿಡ ಕುಂಡದ ಸಮೇತ ಅಲುಗುತ್ತದೆ, ಬಿಡದ್ದು ಮಣ್ಣಲ್ಲಿ ಗಿರಗಿರ ತಿರುಗುತ್ತದೆ. ಬುಡವನ್ನೂ ನೆತ್ತಿಯನ್ನೂ ಹೆಬ್ಬೆರಳಲ್ಲಿ ಒತ್ತಿ. ಕಲ್ಲಿನಂತಿರಬೇಕು, ಮಾಗಿದ ಪರಂಗಿಯಂತೆ ಒಳಗಿಳಿದರೆ ಅಲ್ಲೇ ಇಟ್ಟು ಬನ್ನಿ. ಗರಿ ಮಗುಚಿ ಅಡಿಯಲ್ಲಿ ಬಿಳಿ ಪುಡಿ ಉದುರಿದಂತಿದೆಯೇ ನೋಡಿ, ಅದರ ಕತೆ ಮುಂದೆ ಬರುತ್ತದೆ. ಗಾತ್ರಕ್ಕೆ ಮರುಳಾಗಬೇಡಿ. ಬೊಡ್ಡೆ ಬೆಳೆಯುವುದು ವರ್ಷಕ್ಕೆ ಒಂದು ಅಂಗುಲದ ಆಸುಪಾಸು, ಹಾಗಾಗಿ ದೊಡ್ಡ ಗಿಡಕ್ಕೆ ಕೊಡುವ ಬೆಲೆ ಎಂದರೆ ಬೇರೆಯವರು ಕಾದ ವರ್ಷಗಳ ಬೆಲೆ.

ಮಣ್ಣಿಗೆ ಒಂದೇ ನಿಯಮ: ನೀರು ಹೊಯ್ದರೆ ಅರೆ ನಿಮಿಷದಲ್ಲಿ ಕೆಳಗಿನ ತೂತಿನಿಂದ ಹೊರಬರಬೇಕು. ನಾನು ಹಾಕುವುದು ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಚೆನ್ನಾಗಿ ಮಾಗಿದ ಕೊಟ್ಟಿಗೆ ಗೊಬ್ಬರ, ಅರ್ಧ ಪಾಲು ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು. ಬೆಂಗಳೂರಲ್ಲಿ ಈಗ ಹೊಳೆ ಮರಳು ಎಲ್ಲಿ ಸಿಗುತ್ತದೆ, ಎಲ್ಲರೂ ಎಂ-ಸ್ಯಾಂಡ್ ಹಾಕುತ್ತಾರೆ. ಹಾಕಿ, ಆದರೆ ಜರಡಿ ಹಿಡಿದು, ತೊಳೆದು. ಅದರ ನುಣ್ಣನೆ ಧೂಳು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕುಂಡದ ತಳದಲ್ಲಿ ಸಿಮೆಂಟಿನಂತೆ ಕೂತುಬಿಡುತ್ತದೆ. ಕುಂಡ ಬೊಡ್ಡೆಗಿಂತ ಸುತ್ತ ಮೂರು ನಾಲ್ಕು ಬೆರಳು ದೊಡ್ಡದಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಉಳಿದು ಬುಡಕ್ಕೆ ಕಂಟಕ ತರುತ್ತದೆ. ಮಣ್ಣಿನ ಕುಂಡ ಅತ್ಯುತ್ತಮ. ನೆಡುವಾಗ ಬೊಡ್ಡೆಯ ಕಾಲು ಭಾಗ ಮಣ್ಣೊಳಗಿದ್ದರೆ ಆಯಿತು, ನೆತ್ತಿಯ ಸುಳಿ ಯಾವತ್ತೂ ಮಣ್ಣಿಗೆ ತಾಕಬಾರದು.

ಕುಂಡದಲ್ಲಿ ಎಷ್ಟು ವರ್ಷ ಬಾಳಬಹುದು ಅನ್ನುವವರಿಗೆ ಲಂಡನ್ನಿನ ಕ್ಯೂ ಉದ್ಯಾನದ ಉದಾಹರಣೆ ಇದೆ. ದಕ್ಷಿಣ ಆಫ್ರಿಕಾದಿಂದ ಸಸ್ಯ ಸಂಗ್ರಾಹಕ ಫ್ರಾನ್ಸಿಸ್ ಮ್ಯಾಸನ್ ತಂದ ಎನ್ಸೆಫಲಾರ್ಟಸ್ ಜಾತಿಯ ಸೈಕ್ಯಾಡ್ 1775ರಿಂದ ಅಲ್ಲಿದೆ, ಕುಂಡದಲ್ಲೇ. ಜಗತ್ತಿನ ಅತಿ ಹಳೆಯ ಕುಂಡದ ಗಿಡ ಅನ್ನುವ ಹೆಸರು ಅದಕ್ಕೆ.

ನೀರಿನ ವಿಷಯಕ್ಕೆ ದಿನದ ಲೆಕ್ಕ ಕೇಳಬೇಡಿ, ಬೆರಳಿನ ಲೆಕ್ಕ ಕೇಳಿ. ತೋರುಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ತೇವ ತಗುಲಿದರೆ ಕೈ ತೊಳೆದುಕೊಂಡು ಒಳಗೆ ಹೋಗಿ. ನಮ್ಮ ತಾರಸಿಯಲ್ಲಿ ಏಪ್ರಿಲ್ ಬಿಸಿಲಿಗೆ ಐದಾರು ದಿನಕ್ಕೊಮ್ಮೆ, ಡಿಸೆಂಬರಿನಲ್ಲಿ ಹದಿನೈದು ದಿನಕ್ಕೊಮ್ಮೆ ಬೀಳುತ್ತದೆ, ಮಳೆಗಾಲದಲ್ಲಿ ನಾನು ಕೊಡುವುದೇ ಇಲ್ಲ. ಮಂಗಳೂರು, ಉಡುಪಿ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡವನ್ನು ಸೂರಿನಡಿ ಎಳೆದುಕೊಳ್ಳುವುದು ಒಳ್ಳೆಯದು. ಕೊಟ್ಟಾಗ ಮಾತ್ರ ಕುಂಡ ತುಂಬ ಕೊಡಿ, ಬುಡಕ್ಕೆ ಕೊಡಿ, ನೆತ್ತಿಗೆ ಅಲ್ಲ. ಕೆಳಗೆ ತಟ್ಟೆ ಇಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.

ಬಿಸಿಲು ಬೇಕು, ದಿನಕ್ಕೆ ನಾಲ್ಕೈದು ಗಂಟೆಯಾದರೂ. ಮನೆಯೊಳಗಿನ ಮೂಲೆಯಲ್ಲಿಟ್ಟರೆ ಒಂದೆರಡು ವರ್ಷ ಹಳೆಯ ಗರಿಗಳಲ್ಲಿ ಚೆಂದವಾಗಿ ಕಾಣುತ್ತದೆ, ಆಮೇಲೆ ಹೊಸ ಗರಿ ಉದ್ದುದ್ದ, ಪೇಲವ, ಜೋತುಬಿದ್ದದ್ದೇ ಬರುತ್ತದೆ. ಒಳಗಿನ ಅಲಂಕಾರಕ್ಕೇ ಬೇಕೆಂದರೆ ಮೆಕ್ಸಿಕೋ ಮೂಲದ, ರಟ್ಟಿನಂಥ ಎಲೆಯ ಜೇಮಿಯಾ ಸಿಗುತ್ತದೆ. ಅದೂ ಸೈಕ್ಯಾಡೇ, ನೆರಳನ್ನು ಸ್ವಲ್ಪ ಹೆಚ್ಚು ಸಹಿಸುತ್ತದೆ. ನೆರಳಲ್ಲಿ ಬೆಳೆದದ್ದನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಗರಿ ಸುಡುತ್ತದೆ, ಎರಡು ಮೂರು ವಾರ ತೆಗೆದುಕೊಂಡು ಮೆಲ್ಲಗೆ ಸರಿಸಿ. ಟೆಕ್ಸಾಸ್, ಕ್ಯಾಲಿಫೋರ್ನಿಯಾದ ಕನ್ನಡಿಗರ ಅಂಗಳದಲ್ಲೂ ಇದು ಸಾಮಾನ್ಯ. ಅಲ್ಲಿ ಹಿಮ ಬಿದ್ದು ಗರಿಯೆಲ್ಲ ಕಂದಿಹೋದರೆ ಗಿಡ ಸತ್ತಿತು ಅಂತ ಕಿತ್ತೆಸೆಯಬೇಡಿ. ಬೊಡ್ಡೆ ಗಟ್ಟಿಯಿದ್ದರೆ ಬೇಸಿಗೆಗೆ ಮತ್ತೆ ಚಿಗುರುತ್ತದೆ. ಜಪಾನಿನವರು ಚಳಿಗಾಲಕ್ಕೆ ಇದಕ್ಕೆ ಹುಲ್ಲಿನ ಅಂಗಿ ಸುತ್ತುತ್ತಾರೆ.

ಸುಳಿ ಬಿಚ್ಚುವ ಮೂರು ವಾರ

ವರ್ಷವಿಡೀ ನಿದ್ದೆ ಮಾಡಿದಂತಿರುವ ಗಿಡ ಬೇಸಿಗೆ ಮಳೆಯ ಹೊತ್ತಿಗೆ ಒಂದು ಬೆಳಗ್ಗೆ ನೆತ್ತಿ ಉಬ್ಬಿಸಿಕೊಂಡಿರುತ್ತದೆ. ಕಂದು ತುಪ್ಪಳದ ನಡುವೆ ಬೆಳ್ಳಗಿನ ಮೊಳಕೆಗಳ ಉಂಗುರ. ನಾಲ್ಕೈದು ದಿನಕ್ಕೆ ಅವು ಶಾವಿಗೆ ಕಡ್ಡಿಯಂತೆ ನೆಟ್ಟಗೆ ಏಳುತ್ತವೆ, ಪ್ರತಿ ಗರಿಯ ಎರಡು ಬದಿಯಲ್ಲೂ ಎಳೆ ಎಲೆಗಳು ಚಕ್ಕುಲಿಯಂತೆ ಸುತ್ತಿಕೊಂಡಿರುತ್ತವೆ. ಮುಟ್ಟಿದರೆ ರೇಷ್ಮೆ. ಇನ್ನೊಂದು ವಾರಕ್ಕೆ ಸುರುಳಿ ಬಿಚ್ಚಿ, ಮತ್ತೆರಡು ವಾರದಲ್ಲಿ ಬಲಿತು, ಚುಚ್ಚುವಷ್ಟು ಗಟ್ಟಿಯಾಗುತ್ತವೆ. ಇದಿಷ್ಟೇ ಅದರ ವರ್ಷದ ಬೆಳವಣಿಗೆ, ಪೂರ್ತಿ ಸೊಂಪಾದ ವರ್ಷದಲ್ಲಿ ಎರಡು ಸಲ.

ಈ ಮೂರು ವಾರ ಕುಂಡ ಅಲುಗಿಸಬೇಡಿ, ತಿರುಗಿಸಲೂ ಬೇಡಿ. ಎಳೆ ಗರಿ ಬೆಳಕಿನತ್ತ ಬಾಗುತ್ತಿರುತ್ತದೆ, ತಿರುಗಿಸಿದರೆ ಅರ್ಧದಲ್ಲಿ ಮನಸ್ಸು ಬದಲಿಸಿ ಸೊಟ್ಟಗೆ ಬಲಿಯುತ್ತದೆ. ಬಲಿತ ಸೊಟ್ಟು ಮತ್ತೆ ನೆಟ್ಟಗಾಗುವುದಿಲ್ಲ. ನೀರನ್ನು ಮಾತ್ರ ಈ ಹೊತ್ತಿನಲ್ಲಿ ತಪ್ಪಿಸಬಾರದು.

ನೀವು ಅಲುಗಿಸದಿದ್ದರೂ ಬರುವ ಅತಿಥಿ ಒಂದಿದೆ. ಹೆಬ್ಬೆರಳುಗುರಿನಷ್ಟು ಅಗಲದ, ನೀಲಿ ಬೂದು ರೆಕ್ಕೆಯ ಒಂದು ಚಿಟ್ಟೆ ಸುಳಿಯ ಸುತ್ತ ತಿರುಗುತ್ತಿದ್ದರೆ ‘ಎಷ್ಟು ಮುದ್ದಾಗಿದೆ’ ಅಂತ ಫೋಟೋ ತೆಗೆಯುತ್ತ ನಿಲ್ಲಬೇಡಿ. ಅದರ ವೈಜ್ಞಾನಿಕ ಹೆಸರಿನಲ್ಲಿ ಪಾಂಡವ ಇದೆ, ಕೈಲಾಡಿಸ್ ಪಾಂಡವ. ಮಾಡುವ ಕೆಲಸ ಕೌರವರದು. ಹೆಣ್ಣು ಚಿಟ್ಟೆ ಎಳೆ ಗರಿಯ ಮೇಲೆ ಸಾಸಿವೆಗಿಂತ ಸಣ್ಣ ತಟ್ಟೆಯಂಥ ಮೊಟ್ಟೆಗಳನ್ನು ಇಟ್ಟು ಹೋಗುತ್ತದೆ. ಮರಿಹುಳುಗಳು ಕೆಲವು ಹಸಿರು, ಕೆಲವು ಕೆಂಪು ಛಾಯೆಯವು, ಗರಿಯ ಬಣ್ಣಕ್ಕೆ ಎಷ್ಟು ಹೊಂದುತ್ತವೆ ಅಂದರೆ ಮೊದಲು ಕಣ್ಣಿಗೆ ಬೀಳುವುದು ಹುಳುವಲ್ಲ, ಅದರ ಬೆನ್ನ ಮೇಲೆ ಕೂತ ಇರುವೆ. ಹುಳು ಸಿಹಿ ರಸ ಒಸರುತ್ತದೆ, ಇರುವೆ ಅದಕ್ಕೆ ಪ್ರತಿಯಾಗಿ ಕಾವಲು ಕಾಯುತ್ತದೆ. ಸುಳಿಯಲ್ಲಿ ಇರುವೆ ಸಾಲು ಕಂಡರೆ ಬಗ್ಗಿ ನೋಡಲೇಬೇಕು. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಇಡೀ ವರ್ಷದ ಚಿಗುರು ಬರೀ ಕಡ್ಡಿಯಾಗಿರುತ್ತದೆ. ನನಗೆ ಒಂದು ದೀಪಾವಳಿಗೆ ಹಾಗೆ ಆಗಿದೆ.

ಈ ಹುಳುವಿನ ಹಲ್ಲಿಗೆ ಎಳೆ ಗರಿ ಮಾತ್ರ ಆಗುತ್ತದೆ, ಬಲಿತದ್ದು ಆಗದು. ಅಂದರೆ ಕಾಯಬೇಕಾದದ್ದು ಮೂರೇ ವಾರ. ಹಳೆಯ ಸೊಳ್ಳೆಪರದೆಯ ತುಂಡನ್ನು ನಾಲ್ಕು ಕೋಲಿಗೆ ಕಟ್ಟಿ, ಗರಿಗೆ ತಾಗದಂತೆ ಮುಚ್ಚಿ, ಕೆಳಗೆ ಬೊಡ್ಡೆಗೆ ದಾರದಿಂದ ಬಿಗಿದುಬಿಡಿ. ಇದಕ್ಕಿಂತ ಒಳ್ಳೆಯ ಔಷಧ ನನಗೆ ಸಿಕ್ಕಿಲ್ಲ. ಈಗಾಗಲೇ ಹುಳು ಬಿದ್ದಿದ್ದರೆ ಬೆಳಗ್ಗೆ ಸಂಜೆ ಕೈಯಿಂದ ಆರಿಸಿ, ಜಾಸ್ತಿಯಿದ್ದರೆ ಬಿಟಿ ಪುಡಿಯನ್ನು (ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ) ನೀರಲ್ಲಿ ಕದಡಿ ಸಂಜೆ ಸಿಂಪಡಿಸಿ. ಎಳೆ ಗರಿಗೆ ಬೇವಿನೆಣ್ಣೆ ಬಿಸಿಲಲ್ಲಿ ಹೊಡೆದು ಸುಟ್ಟುಕೊಂಡವರು ಬೇಕಾದಷ್ಟು ಜನ. ಅದನ್ನು ಬಲಿತ ಗರಿಗೆ ಇಟ್ಟುಕೊಳ್ಳಿ.

ಹಳದಿ ಎಲ್ಲಿದೆ ಅನ್ನುವುದೇ ಪ್ರಶ್ನೆ

‘ನಮ್ಮ ಸೈಕಸ್ ಹಳದಿ ಆಗ್ತಾ ಇದೆ’ ಅಂತ ಯಾರಾದರೂ ಅಂದರೆ ನಾನು ಮೊದಲು ಕೇಳುವುದು: ಕೆಳಗಿನ ಗರಿಯೋ, ಮೇಲಿನದೋ?

ಎಲ್ಲಕ್ಕಿಂತ ಕೆಳಗಿನ, ಹಳೆಯ ಗರಿ ಒಂದೆರಡು ಹಳದಿಯಾಗಿ ಒಣಗಿದರೆ ಅದು ವಯಸ್ಸು, ಚಿಂತೆ ಬೇಡ. ಕೆಳಗಿನ ಸುತ್ತೆಲ್ಲ ಹಳದಿಯಾಗಿ ಮೇಲಿನದು ಹಸಿರಾಗಿದ್ದರೆ ಸಾಮಾನ್ಯವಾಗಿ ಮೆಗ್ನೀಸಿಯಂ ಅಥವಾ ಪೊಟ್ಯಾಶಿಯಂ ಕೊರತೆ. ಈ ಪೋಷಕಗಳನ್ನು ಗಿಡ ಹಳೆಯ ಎಲೆಯಿಂದ ಹೀರಿ ಹೊಸದಕ್ಕೆ ಸಾಗಿಸಬಲ್ಲದು, ಆದ್ದರಿಂದ ಹೊಡೆತ ಹಳೆಯದಕ್ಕೆ. ಅದಕ್ಕೇ ಅರೆ ಹಳದಿ ಗರಿಯನ್ನು ಅಂದಗೆಡುತ್ತದೆ ಅಂತ ಕತ್ತರಿಸಬಾರದು. ಗಿಡ ಅದರಿಂದ ಇನ್ನೂ ಏನೋ ಹೀರಿಕೊಳ್ಳುತ್ತಿದೆ, ನೀವು ತೆಗೆದರೆ ಅದರ ಮೇಲಿನ ಸುತ್ತಿಗೆ ಕೈ ಹಾಕುತ್ತದೆ. ಪೂರ್ತಿ ಕಂದಾದ ಮೇಲೆ ಕತ್ತರಿಸಿ. ಮದುವೆ ಮಂಟಪಕ್ಕೆ ಗರಿ ಕೇಳಿಕೊಂಡು ಬರುವ ನೆಂಟರಿಗೂ ಇದನ್ನೇ ಹೇಳಬೇಕಾಗುತ್ತದೆ.

ಹೊಸ ಸುತ್ತೇ ಹಳದಿಯಾಗಿ, ಮುದುಡಿ, ತುದಿ ಸುಟ್ಟು, ಕೂದಲು ಕೆದರಿದಂತೆ ಬಂದರೆ ಅದು ಮ್ಯಾಂಗನೀಸ್ ಕೊರತೆ. ಮ್ಯಾಂಗನೀಸ್ ಒಮ್ಮೆ ಎಲೆಯಲ್ಲಿ ಕೂತರೆ ಅಲ್ಲಿಂದ ಕದಲದು, ಆದ್ದರಿಂದ ಹೊಸದಕ್ಕೆ ಹಂಚಲು ಏನೂ ಉಳಿಯುವುದಿಲ್ಲ. ಮೇಲೆ ಮೆಗ್ನೀಸಿಯಂ, ಇಲ್ಲಿ ಮ್ಯಾಂಗನೀಸ್, ಅಂಗಡಿಯಲ್ಲಿ ಒಂದು ಕೇಳಿ ಇನ್ನೊಂದು ತಂದವರಿದ್ದಾರೆ, ಚೀಟಿ ಬರೆದುಕೊಂಡು ಹೋಗಿ. ಬೆಂಗಳೂರಿನಲ್ಲಿ ಈ ಕೊರತೆಗೆ ಮುಖ್ಯ ಕಾರಣ ಮಣ್ಣಲ್ಲಿ ಮ್ಯಾಂಗನೀಸ್ ಇಲ್ಲದಿರುವುದಲ್ಲ, ಬೋರ್‌ವೆಲ್ ನೀರು. ಗಡಸು ನೀರು ಹೊಯ್ದು ಹೊಯ್ದು ಕುಂಡದ ಮಣ್ಣು ಕ್ಷಾರವಾಗುತ್ತದೆ, ಕ್ಷಾರ ಮಣ್ಣಲ್ಲಿ ಮ್ಯಾಂಗನೀಸ್ ಕರಗುವುದಿಲ್ಲ, ಕರಗದ್ದನ್ನು ಬೇರು ಕುಡಿಯಲಾರದು. ಕುಂಡದ ಹೊರಮೈಗೆ ಬಿಳಿ ಉಪ್ಪು ಹತ್ತಿದ್ದರೆ ಇದೇ ದಾರಿಯಲ್ಲಿದ್ದೀರಿ ಅಂತ ಅರ್ಥ. ಮಳೆನೀರು ಹಿಡಿದು ಕೊಡುವುದು ಒಳ್ಳೆಯ ಪರಿಹಾರ. ಜತೆಗೆ ಮ್ಯಾಂಗನೀಸ್ ಸಲ್ಫೇಟನ್ನು ಲೀಟರಿಗೆ 1 ಗ್ರಾಂನಂತೆ ಕರಗಿಸಿ, ಎರಡು ಮೂರು ತಿಂಗಳಿಗೊಮ್ಮೆ ಗರಿಗೂ ಮಣ್ಣಿಗೂ ಕೊಡಿ. ಕೆಟ್ಟ ಗರಿ ಮಾತ್ರ ಸರಿಹೋಗುವುದಿಲ್ಲ. ಔಷಧ ತಾಗಿತೋ ಇಲ್ಲವೋ ತಿಳಿಯುವುದು ಮುಂದಿನ ಸುಳಿ ಬಿಚ್ಚಿದಾಗ.

ಜಪಾನಿ ಭಾಷೆಯಲ್ಲಿ ಸೈಕಸ್‌ಗೆ ಸೊತೆತ್ಸು ಅನ್ನುತ್ತಾರೆ, ಬರೆಯುವ ಅಕ್ಷರಗಳ ಅರ್ಥ ‘ಕಬ್ಬಿಣದಿಂದ ಚೇತರಿಸಿಕೊಳ್ಳುವುದು’ ಅಂತ. ಸೊರಗಿದ ಗಿಡದ ಬೊಡ್ಡೆಗೆ ಮೊಳೆ ಹೊಡೆದರೆ ಚಿಗುರುತ್ತದೆ ಅನ್ನುವ ನಂಬಿಕೆ ಅಲ್ಲಿತ್ತು. ತೆಂಗಿಗೆ ಮೊಳೆ ಹೊಡೆಯುವ ನಮ್ಮವರನ್ನೂ ನೋಡಿದ್ದೇನೆ. ಗಂಟಿಗೆ ತೂತು ಮಾಡಿ ಕೊಳೆರೋಗವನ್ನು ಒಳಗೆ ಕರೆಯುವುದು ಬಿಟ್ಟರೆ ಅದರಿಂದ ಇನ್ನೇನೂ ಆಗದು. ಮಾಮೂಲಿ ಗೊಬ್ಬರ ವರ್ಷಕ್ಕೆ ಎರಡು ಸಲ ಸಾಕು, ಸುಳಿ ಬರುವ ಮುಂಚೆ ಒಮ್ಮೆ, ಮಳೆಗಾಲದ ಕೊನೆಗೆ ಒಮ್ಮೆ.

ಗೊಬ್ಬರಕ್ಕೆ ಇದು ಅಷ್ಟಾಗಿ ಹಸಿಯದಿರುವುದಕ್ಕೆ ಇನ್ನೊಂದು ಕಾರಣ ಮಣ್ಣಿನ ಮೇಲ್ಮೈಯಲ್ಲೇ ಸಿಗುತ್ತದೆ. ಬೊಡ್ಡೆಯ ಸುತ್ತ ಶುಂಠಿಯ ಕೊನೆಗಳಂತೆ, ಹವಳದಂತೆ ಕವಲೊಡೆದ ಗಂಟುಗಂಟು ಬೇರುಗಳು ಮೇಲ್ಮುಖವಾಗಿ ಬೆಳೆದಿರುತ್ತವೆ. ರೋಗ ಅಂತ ಕತ್ತರಿಸುವವರೇ ಹೆಚ್ಚು, ನಾನೂ ಒಂದು ಸಲ ಕತ್ತರಿಸಿದ್ದೆ. ಅಡ್ಡ ಸೀಳಿದ ತುಂಡಿನಲ್ಲಿ ಬಿಳಿ ತಿರುಳಿನ ನಡುವೆ ಕಡು ಹಸಿರಿನ ಒಂದು ತೆಳು ಉಂಗುರ ಕಂಡಾಗ ಕೈ ನಿಂತಿತು. ಬೇರಿನೊಳಗೆ ಹಸಿರು! ಅದು ನಾಸ್ಟಾಕ್ ಅನ್ನುವ ನೀಲಿ-ಹಸಿರು ಪಾಚಿಯ ವಸತಿ. ಗದ್ದೆಗೆ ಅಜೋಲ್ಲಾ ಅನ್ನುವ ತೇಲುವ ಜರೀಗಿಡ ಬಿಡುವವರಿಗೆ ಈ ಏರ್ಪಾಡು ಗೊತ್ತಿದೆ. ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ, ಗಿಡ ಅದಕ್ಕೆ ಜಾಗ ಮತ್ತು ಸಕ್ಕರೆ ಕೊಡುತ್ತದೆ. ಹವಳ ಬೇರು ಕಂಡರೆ ಕೈ ಹಾಕಬೇಡಿ.

ಇನ್ನು ಆ ಬಿಳಿ ಪುಡಿ. ಗರಿಯ ಅಡಿಯಲ್ಲಿ ತೆಂಗಿನ ತುರಿ ಉದುರಿದಂತೆ ಅಂಟಿಕೊಂಡು, ಉಗುರಲ್ಲಿ ಕೆರೆದರೆ ಏಳುವಂಥದ್ದು ಶಲ್ಕ ಕೀಟ. ಈ ಕೀಟದ ಥಾಯ್ಲೆಂಡ್ ಕಡೆಯ ಒಂದು ಜಾತಿ, ಗಿಡಗಳ ವ್ಯಾಪಾರದ ಜತೆ 1990ರ ದಶಕದಲ್ಲಿ ಫ್ಲಾರಿಡಾಕ್ಕೂ, 2003ರಲ್ಲಿ ಗುವಾಮ್ ದ್ವೀಪಕ್ಕೂ ಹೋಗಿ, ಗುವಾಮಿನಲ್ಲಿ ಕಾಡಿನ ಸೈಕಸ್ಸನ್ನೇ ಅಳಿವಿನ ಅಂಚಿಗೆ ತಂದಿಟ್ಟಿತು. ಹೆಚ್ಚು ಹತ್ತಿದ ಗರಿ ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಉಳಿದದ್ದಕ್ಕೆ ಬೇವಿನೆಣ್ಣೆ ಲೀಟರಿಗೆ 5 ಮಿಲಿಯಂತೆ, ಎರಡು ಹನಿ ಪಾತ್ರೆ ಸೋಪಿನ ಜತೆ ಚೆನ್ನಾಗಿ ಕಲಸಿ, ಗರಿಯ ಅಡಿಗೇ ಸಂಜೆ ಹೊಡೆಯಿರಿ, ಹತ್ತು ದಿನಕ್ಕೊಮ್ಮೆ ಮೂರು ನಾಲ್ಕು ಸಲ. ಸತ್ತ ಕೀಟದ ಚಿಪ್ಪು ತಾನಾಗಿ ಉದುರುವುದಿಲ್ಲ. ಬಿಳಿ ಹೋಗಲಿಲ್ಲ ಅಂತ ಔಷಧ ಏರಿಸುತ್ತ ಹೋಗುವ ಮುನ್ನ ಉಗುರಲ್ಲಿ ಒತ್ತಿ ನೋಡಿ, ಒಣಗಿ ಪುಡಿಯಾದರೆ ಸತ್ತಿದೆ, ರಸ ಬಂದರೆ ಬದುಕಿದೆ.

ವಿಷ, ಮರಿ, ಗಂಡು ಹೆಣ್ಣು

ನಾಯಿ ಸಾಕಿದವರು ಇಲ್ಲಿ ನಿಧಾನ ಓದಿ. ಸೈಕಸ್‌ನ ಪ್ರತಿ ಭಾಗವೂ ವಿಷ, ಬೀಜ ಎಲ್ಲಕ್ಕಿಂತ ಹೆಚ್ಚು. ಒಂದೆರಡು ಬೀಜ ನಾಯಿಯನ್ನು ಕೊಲ್ಲಬಲ್ಲದು. ಮೊದಲು ವಾಂತಿ, ಮಂಕು, ಎರಡು ಮೂರು ದಿನದಲ್ಲಿ ಯಕೃತ್ತು ಕೈಕೊಡುತ್ತದೆ. ಕಚ್ಚಿದ್ದು ಕಂಡರೆ ವಾಂತಿಗೆ ಕಾಯದೆ ಆ ಗಳಿಗೆಯಲ್ಲೇ ಪಶುವೈದ್ಯರ ಹತ್ತಿರ ಹೋಗಿ, ಕಚ್ಚಿದ ತುಂಡನ್ನೂ ಒಯ್ಯಿರಿ. ನಾಯಿಮರಿ ಇರುವ ಮನೆಗೆ ನಾನಂತೂ ಈ ಗಿಡ ಉಡುಗೊರೆ ಕೊಡುವುದಿಲ್ಲ. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರು ಆಸ್ಟ್ರೇಲಿಯಾ ತೀರದಲ್ಲಿ, ಅಲ್ಲಿನ ಮೂಲನಿವಾಸಿಗಳು ತಿನ್ನುತ್ತಾರಲ್ಲ ಅಂತ ಸೈಕ್ಯಾಡ್ ಬೀಜ ತಿಂದು ಹೊಟ್ಟೆ ಕೆಡಿಸಿಕೊಂಡರು, ಹಡಗಿನ ಹಂದಿಗಳಲ್ಲಿ ಬೀಜ ತಿಂದ ಕೆಲವು ಸತ್ತವು. ತಿನ್ನುವ ಮೊದಲು ವಿಷ ತೆಗೆಯುವ ವಿದ್ಯೆ ಮೂಲನಿವಾಸಿಗಳಿಗೆ ಗೊತ್ತಿತ್ತು, ಇವರಿಗಿರಲಿಲ್ಲ. ಆ ಹಡಗಿನಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್. ಅದೇ ಬ್ಯಾಂಕ್ಸ್ 1819ರಲ್ಲಿ, ಸಾಯುವ ಹಿಂದಿನ ವರ್ಷ, ಕ್ಯೂ ಉದ್ಯಾನದ ಆ ಹಳೆಯ ಕುಂಡದ ಗಿಡ ಶಂಕು (ಹೂವಿನ ಬದಲು ಬರುವ ತೆನೆಯಂಥದ್ದು) ಬಿಟ್ಟಿತು ಅಂತ ಕೇಳಿ ನೋಡಲು ಹೋಗಿದ್ದ. ಆಮೇಲೆ ಅದು ಮತ್ತೆ ಶಂಕು ಬಿಟ್ಟಿಲ್ಲ.

ಸೈಕಸ್‌ನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ನೆತ್ತಿಯಲ್ಲಿ ಮೊಳದುದ್ದದ, ಜೋಳದ ತೆನೆಯಂಥ ಹಳದಿ ಶಂಕು ಏಳುತ್ತದೆ. ಹೆಣ್ಣಿನ ನೆತ್ತಿಯಲ್ಲಿ ಕಂಬಳಿ ಬಟ್ಟೆಯಲ್ಲಿ ಮಾಡಿದ ಎಲೆಕೋಸಿನಂಥದ್ದು, ಒಳಗೆ ಕಿತ್ತಳೆ ಕೆಂಪು ಬೀಜಗಳು. ಶಂಕು ಬಿಡಲು ಹದಿನೈದು ವರ್ಷವೂ ಹಿಡಿಯಬಹುದು, ಅಲ್ಲಿಯವರೆಗೆ ಗುರುತು ಹೇಳುತ್ತೇವೆ ಅನ್ನುವವರನ್ನು ನಂಬಬೇಡಿ. ಹೆಣ್ಣು ಶಂಕು ಬಿಟ್ಟ ವರ್ಷ ಗರಿ ಬಾರದಿದ್ದರೆ ಗಾಬರಿ ಬೇಡ, ಗಂಟಿನ ಖರ್ಚು ಆ ವರ್ಷ ಅತ್ತ ಹೋಗಿದೆ ಅಷ್ಟೆ.

ಬೀಜದಿಂದ ಬೆಳೆಸಲು ಪಕ್ಕದಲ್ಲಿ ಗಂಡು ಬೇಕು, ಮೊಳೆಯಲು ತಿಂಗಳುಗಟ್ಟಲೆ ಬೇಕು. ಮನೆಯಲ್ಲಿ ಸುಲಭ ದಾರಿ ಮರಿ. ಬೊಡ್ಡೆಯ ಬುಡದಲ್ಲಿ ಈರುಳ್ಳಿ ಗಾತ್ರದ ಮರಿಗಳು ಮೂಡುತ್ತವೆ. ಫೆಬ್ರುವರಿ ಕೊನೆಗೆ, ಟೆನಿಸ್ ಚೆಂಡಿನಷ್ಟಾದದ್ದನ್ನು ಉಳಿಯಿಂದ ಎಬ್ಬಿಸಿ, ಗರಿಯಿದ್ದರೆ ಎಲ್ಲ ಕತ್ತರಿಸಿ, ಗಾಯದ ಮುಖಕ್ಕೆ ಗಂಧಕದ ಪುಡಿ ಬಳಿದು, ನೆರಳಲ್ಲಿ ಒಂದು ವಾರ ಒಣಗಲು ಬಿಡಿ. ಹಸಿ ಗಾಯ ನೆಟ್ಟರೆ ಕೊಳೆತದ್ದೇ. ಆಮೇಲೆ ಬರೀ ದಪ್ಪ ಮರಳಿನಲ್ಲಿ ಅರ್ಧ ಹೂತು, ನೆರಳಲ್ಲಿಟ್ಟು, ಮರಳು ಪೂರ್ತಿ ಒಣಗಿದಾಗ ಮಾತ್ರ ಸ್ವಲ್ಪ ನೀರು. ಮೊದಲ ಗರಿ ಬಂದ ಖುಷಿಗೆ ಕುಂಡ ಬದಲಿಸಬೇಡಿ. ಗರಿ ಬಂದದ್ದು ಬೇರಿನಿಂದಲ್ಲ, ಗಂಟಿನಿಂದ. ಎರಡನೇ ಸಲ ಗರಿ ಬಂದ ಮೇಲೆ ಮೆಲ್ಲಗೆ ಎಳೆದು ನೋಡಿ, ಬಿಗಿಯಾಗಿದ್ದರೆ ಬೇರು ಬಿಟ್ಟಿದೆ.

ನನ್ನ ಸತ್ತ ಬೊಡ್ಡೆಯ ಪಕ್ಕ ಹೀಗೆ ಒಂದು ಮರಿ ಇತ್ತು. ಬುಡ ಕೊಳೆತಿದ್ದರೂ ಅದೊಂದು ಗಟ್ಟಿಯಾಗಿತ್ತು. ಈಗ ಅದು ಗೇಣುದ್ದ ಬೊಡ್ಡೆ, ತಾರಸಿಯ ಪೂರ್ವ ಮೂಲೆಯಲ್ಲಿ, ಈ ವರ್ಷದ ಸುತ್ತಿನಲ್ಲಿ ಹತ್ತೊಂಬತ್ತು ಗರಿ. ಗಂಡೋ ಹೆಣ್ಣೋ ಇನ್ನೂ ಗೊತ್ತಿಲ್ಲ.